ಭರಣಿ ತೊಳೆದ ನೀರು

ಚಪ್ಪರಕ್ಕೆ ನಿಲ್ಲಿಸಿದ್ದ ಬಿದಿರುಗಳು ನಾಲ್ಕೋ ಆರೋ, ಈಗ ಖಚಿತವಾಗಿ ಹೇಳಲಾರೆ. ಬಕೆಟ್ಟು ಹಸಿರು ಬಣ್ಣದ್ದು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೊನ್ನೆ ಮಗಳು ಅದು ಕೆಂಪು ಅಂದಳು. ಆಗ ಅವಳಿಗೆ ಆರು ವರ್ಷ, ನನಗೆ ಮೂವತ್ತೆರಡು. ದೊಡ್ಡವಳಾಗಿದ್ದೆ ಎಂಬ ಕಾರಣಕ್ಕೆ ನನ್ನ ನೆನಪೇ ಸರಿ ಎನ್ನಲು ಬರುವುದಿಲ್ಲ. ಆ ಕಾಲದಲ್ಲಿ ದಿನಚರಿ ಬರೆಯುತ್ತಿದ್ದೆ, ಅದೂ ಹೆಚ್ಚು ಸಹಾಯ ಮಾಡುವುದಿಲ್ಲ. ಡೊಂಬಿವಲಿಯಿಂದ ಮುಂಬಯಿಯ ವಿ.ಟಿ. ಸ್ಟೇಷನ್ನಿಗೆ ಲೋಕಲ್ ರೈಲಿನಲ್ಲಿ ನಿಂತು ಹೋಗಿ, ನಿಂತು ಬಂದವಳು ಬರೆಯುವ ದಿನಚರಿ ಒಂದೆರಡು ಸಾಲಿನದು. ಲೋಕಲ್ ತಡ. ನೀರು ಬರಲಿಲ್ಲ. ಮಗುವಿಗೆ ಕೆಮ್ಮು. ಆದ್ದರಿಂದ ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತಪ್ಪಲು ಸಾಧ್ಯವೇ ಇಲ್ಲದ ಸಂಗತಿ ಒಂದಿದೆ: ಅತ್ತಿಗೆಯ ಬಸಳೆ ಸತ್ತದ್ದು ನಾನು ಬಕೆಟ್ಟಿಗೆ ಸುರಿದ ನೀರಿನಿಂದ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಉಡುಪಿಯ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿರಲಿಲ್ಲ. ನನಗೆ ಮಗಳು ಹುಟ್ಟಿದಾಗ, ನಾನು ಮತ್ತೆ ಆಫೀಸಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಊರಿಂದ ಬಂದರು. ಮೂರು ತಿಂಗಳಿಗೆಂದು ಬಂದವರು. ಬರುವಾಗ ಒಂದು ಟ್ರಂಕು, ಉಪ್ಪುಸೊಳೆಯ ಒಂದು ದೊಡ್ಡ ಭರಣಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಯ ಹಾಳೆಯಲ್ಲಿ ಕಟ್ಟಿದ ಐದಾರು ಬಸಳೆಯ ಕಡ್ಡಿ ತಂದಿದ್ದರು. ಮಗುವಿನ ಮುಖ ನೋಡುವ ಮೊದಲೇ ಕೇಳಿದ್ದು ಇದು: "ಇದನ್ನು ಊರ್ಲಿಕ್ಕೆ ಮಣ್ಣು ಎಲ್ಲಿ ಉಂಟು ಮಾರಾಯ್ತಿ?"

ಮಣ್ಣು ಇರಲಿಲ್ಲ. ನಮ್ಮದು ಠಾಕುರ್ಲಿಯ ಕಡೆಗಿದ್ದ ಮೂರು ಮಾಳಿಗೆಯ ಕಟ್ಟಡದ ನೆಲಮಟ್ಟದ ಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಕಂಪೌಂಡ್ ಗೋಡೆಯವರೆಗೆ ನಾಲ್ಕು ಮೊಳ ಜಾಗ. ಅದರಲ್ಲಿ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಮೇಲಿನವರು ಎಸೆದ ಹಲ್ಲುಜ್ಜುವ ಬ್ರಷ್ಷು. ಅತ್ತಿಗೆ ಅದನ್ನೆಲ್ಲ ಕೈಯಿಂದ ಹೆಕ್ಕಿದರು. ಪಕ್ಕದಲ್ಲಿ ಇನ್ನೊಂದು ಕಟ್ಟಡ ವರ್ಷಗಟ್ಟಲೆ ನಿಂತು ನಿಂತು ಏಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ವಿಜಾಪುರದ ಕಡೆಯ ಹೆಂಗಸೊಬ್ಬಳು, ಪಾಯ ತೋಡುವಾಗ ಸಿಕ್ಕ ಒಳ್ಳೆಯ ಮಣ್ಣನ್ನು ಘಮೇಲೆಯೆಂಬ ಕಬ್ಬಿಣದ ಬುಟ್ಟಿಯಲ್ಲಿ ಹೊತ್ತು ಗೋಡೆಯ ಆಚೆಯಿಂದ ಸುರಿದು ಕೊಟ್ಟಳು. ಎಮ್ಮೆ ಕಟ್ಟುವ ತಬೇಲೆಯಿಂದ ಸೆಗಣಿ ತರುವುದು ನನ್ನ ಗಂಡನ ಭಾನುವಾರದ ಕೆಲಸವಾಯಿತು. ಎರಡನೆಯ ವರ್ಷಕ್ಕೆ ಬಸಳೆ ಚಪ್ಪರ ಮುಚ್ಚಿತ್ತು. ಬಚ್ಚಲಿನ ನೀರು ಹೊರಡುವ ಮೂಲೆಯಲ್ಲಿ ಕೆಸು, ಗೋಡೆಯುದ್ದಕ್ಕೂ ಕೆಂಪು ಹರಿವೆ, ಡಾಲ್ಡಾ ಡಬ್ಬಿಯಲ್ಲಿ ಕರಿಬೇವು, ಕಲ್ಲಿನ ಸಂದಿಯಲ್ಲಿ ಒಂದೆಲಗ.

"ಯಕ್ಕಾ, ನಿಮ್ಮ ಬಳ್ಳಿ ನಮ್ಮ ಸ್ಲ್ಯಾಬಿಗಿಂತ ಬ್ಯಾಗ ಮ್ಯಾಲ ಹೊಂಟೈತಲ್ಲ!" ಎಂದು ವಿಜಾಪುರದವಳು ಗೋಡೆಯಾಚೆಯಿಂದ ಕೂಗುತ್ತಿದ್ದಳು.

"ನಿಮ್ಮ ಸೇಠಿಗೆ ಹೇಳು, ಸಿಮೆಂಟಿಗೂ ಅಕ್ಕಿ ತೊಳೆದ ನೀರು ಹಾಕ್ಲಿಕ್ಕೆ" ಎಂದು ಅತ್ತಿಗೆ ಒಂದು ಕಟ್ಟು ಸೊಪ್ಪನ್ನು ಅವಳ ಕಡೆಗೆ ಚಾಚುತ್ತಿದ್ದರು.

ಅಕ್ಕಿ ತೊಳೆದ ನೀರು ಎಂಬುದು ನಮ್ಮ ಮನೆಯ ಕಾನೂನು. ಅಡುಗೆಕಟ್ಟೆಯ ಕೆಳಗೆ ಒಂದು ಬಕೆಟ್ಟು. ಅಕ್ಕಿ, ಬೇಳೆ, ತರಕಾರಿ, ಏನೇ ತೊಳೆದರೂ ಆ ನೀರು ಅದಕ್ಕೇ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಐದಕ್ಕೆ, ಒಂದು ಗಂಟೆ ಹೊತ್ತು. ಮೇ ತಿಂಗಳಲ್ಲಿ ಅದೂ ದಿನ ಬಿಟ್ಟು ದಿನ. ಒಂದು ಹನಿಯೂ ಮೋರಿಗೆ ಹೋಗಬಾರದು ಎನ್ನುತ್ತಿದ್ದರು ಅತ್ತಿಗೆ. ಬೆಳಿಗ್ಗೆ ಗಿಡಕ್ಕೆ ಹಾಕುವ ಮೊದಲು ಬಕೆಟ್ಟಿಗೆ ಕೈ ಅದ್ದಿ, ತಳಕ್ಕಿಳಿದ ಅಕ್ಕಿಕಾಳು, ಬೇಳೆ ಹೆಕ್ಕಿ ಗೋಡೆಯ ಮೇಲೆ ಗುಬ್ಬಿಗಳಿಗೆ ಇಡುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಈ ಕೈ ಅದ್ದುವ ವಿಷಯಕ್ಕೆ ಮತ್ತೆ ಬರುತ್ತೇನೆ.

ಮಗಳು ಪೂರ್ತಿ ದಿನದ ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಒಂದು ಮಾತು ಸುತ್ತತೊಡಗಿತು. ನನ್ನ ಮೈದುನ ಹತ್ತಿರದ ಠಾಣೆ ಪಟ್ಟಣದಲ್ಲಿದ್ದ. ಅವನ ಹೆಂಡತಿಗೆ ಆಗ ದಿನ ತುಂಬುತ್ತಿತ್ತು. "ಅಕ್ಕ ಇನ್ನು ನಮ್ಮಲ್ಲಿಗೆ ಬರಲಿ" ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ನನ್ನ ಗಂಡ ಪೇಪರ್ ತಿರುವುತ್ತಿದ್ದರು. ಅಕ್ಕ ತಮ್ಮಂದಿರು ತುಳುವಿನಲ್ಲಿ ಮಾತಾಡುತ್ತಿದ್ದವರು ನಾನು ಒಳಗೆ ಬಂದರೆ ಕನ್ನಡಕ್ಕೆ ತಿರುಗುತ್ತಿದ್ದರು. ಮರ್ಯಾದೆಗೋ, ಮಾತು ಮುಚ್ಚುವುದಕ್ಕೋ, ಮೈಸೂರಿನ ಕಡೆಯಿಂದ ಬಂದ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅತ್ತಿಗೆಯ ಉತ್ತರ ಮಾತ್ರ ಯಾವ ಭಾಷೆಯಲ್ಲೂ ಒಂದೇ: "ಈ ಬಸಳೆ ಬಿಟ್ಟು ಹೇಗೆ ಬರುದು? ಇವಳಿಗೆ ನೀರು ಹಾಕ್ಲಿಕ್ಕೆ ಎಲ್ಲಿ ಪುರುಸೊತ್ತು?"

ಇವಳು ಎಂದರೆ ನಾನು. ನನಗೆ ಅರ್ಥವಾಗುತ್ತಿತ್ತು. ಮಗು ಅವರನ್ನು ಬಿಟ್ಟು ಶಾಲೆಗೆ ಹೋಗಿತ್ತು. ಈ ಮನೆಯಲ್ಲಿ ಉಳಿಯಲು ಅವರ ಬಳಿ ಉಳಿದಿದ್ದ ಕಾರಣ ಆ ನಾಲ್ಕು ಮೊಳದ ತೋಟ ಒಂದೇ. ಠಾಣೆಯ ಮನೆ ಮೂರನೆಯ ಮಾಳಿಗೆಯಲ್ಲಿತ್ತು. ಅಲ್ಲಿ ಬಾಣಂತನ, ಮಗು, ಮತ್ತೆ ಎಲ್ಲ ಮೊದಲಿನಿಂದ. ಅವರಿಗೆ ಐವತ್ತು ದಾಟಿತ್ತು. ಅವರು ಹೋಗುವುದು ನನಗೆ ಬೇಕಿತ್ತೇ? ಬೇಕಿತ್ತು, ಬೇಡವಾಗಿತ್ತು. ಅವರಿಲ್ಲದೆ ನನ್ನ ನೌಕರಿ ನಡೆಯುತ್ತಿರಲಿಲ್ಲ. ಅವರಿದ್ದರೆ ಅಡುಗೆಮನೆ ನನ್ನದಾಗುತ್ತಿರಲಿಲ್ಲ. ಇದನ್ನು ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದ್ದೆನೋ, ಈಗ ಬರೆಯುವಾಗ ಹೊಳೆಯಿತೋ, ಹೇಳಲಾರೆ. ಆಗ ನನಗೆ ಇದ್ದದ್ದು ಬರೀ ದಣಿವು. ಕಾಲಿನ ದಣಿವು, ಜನರ ಬೆವರಿನ ದಣಿವು, ಮನೆಗೆ ಬಂದು ಯಾರಿಗಾದರೂ ಉತ್ತರ ಕೊಡಬೇಕಲ್ಲ ಎಂಬ ದಣಿವು.

ಆ ಮೇ ತಿಂಗಳ ಒಂದು ಸಂಜೆ ಲೋಕಲ್ ಗಾಡಿ ಮುಂಬ್ರಾ ಸ್ಟೇಷನ್ನಿನ ಬಳಿ ಬಹಳ ಹೊತ್ತು ನಿಂತಿತು. ಮನೆಗೆ ಬಂದು ಸ್ನಾನಕ್ಕೆಂದು ಡ್ರಮ್ಮಿನ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಹಿಂಬಾಗಿಲ ಆಚೆ ಮಣ್ಣು ಒದ್ದೆಯಾಗಿತ್ತು.

"ಗಿಡಕ್ಕೆ ಸ್ನಾನ ಆಗಿದೆ. ನನಗಿಲ್ಲ" ಅಂದೆ.

"ಎರಡು ಚೊಂಬು ಹಾಕಿದ್ದು ಮಾರಾಯ್ತಿ. ನೀರು ಬಂದದ್ದೇ ಕಾಲು ಗಂಟೆ."

"ಎರಡು ಚೊಂಬಿಗೆ ಇಷ್ಟು ಒದ್ದೆಯಾಗುತ್ತಾ ಅತ್ತಿಗೆ?"

"ಗಿಡ ಬಾಯಿಬಿಟ್ಟು ಕೇಳುದಿಲ್ಲ. ನೀನಾದ್ರೆ ಕೇಳ್ತಿ."

ನಗಿಸಲು ಹೇಳಿದ್ದಿರಬಹುದು. ಮಗಳು ನಕ್ಕಳು ಕೂಡ. ನಾನು ನಗಲಿಲ್ಲ. "ನೀವು ಈ ಮನೇಲಿ ಇರೋದು ಯಾರಿಗೋಸ್ಕರ ಅತ್ತಿಗೆ? ನಮಗೋ, ಬಸಳೆಗೋ?" ಎಂದುಬಿಟ್ಟೆ.

ಅವರು ಒಳಗೆ ಹೋದರು. ತಮಗೆಂದು ಕುಡಿಯಲು ತುಂಬಿಟ್ಟುಕೊಂಡಿದ್ದ ತಾಮ್ರದ ಕೊಡ ತಂದು ಬಚ್ಚಲಿನಲ್ಲಿ ಇಟ್ಟರು. ನಾನು ಅದರಲ್ಲೇ ಮೈ ತೊಳೆದುಕೊಂಡೆ. ಇದನ್ನು ಬರೆಯದೆ ಬಿಡಬಹುದಿತ್ತು.

ಮುಂದಿನ ಭಾನುವಾರ ಅತ್ತಿಗೆ ಕಲ್ಯಾಣದಲ್ಲಿ ಊರ ಕಡೆಯವರ ಮನೆಯ ಪೂಜೆಗೆ ಹೋದರು. ಮಗಳನ್ನೂ ಕರೆದುಕೊಂಡು ಹೋದರು. ಅಂದು ನಾನು ಭರಣಿ ತೆಗೆದೆ. ಉಪ್ಪುಸೊಳೆ ಎಂದರೆ ಬೆಳೆದ ಹಲಸಿನ ತೊಳೆಗಳನ್ನು ಉಪ್ಪಿನಲ್ಲಿ ಹಾಕಿಡುವುದು, ತಿಂಗಳುಗಟ್ಟಲೆ ಕೆಡುವುದಿಲ್ಲ. ಪ್ರತಿವರ್ಷ ಊರಿಂದ ಯಾರಾದರೂ ತರುತ್ತಿದ್ದರು. ಬೇಯಿಸುವ ಮೊದಲು ನೀರಲ್ಲಿ ನೆನೆಸಿ, ಹಿಂಡಿ, ಮೂರು ನಾಲ್ಕು ಸಲ ತೊಳೆದರೆ ಮಾತ್ರ ಬಾಯಿಗೆ ಹಾಕಬಹುದು. ಮದುವೆಯಾದ ಹೊಸದರಲ್ಲಿ ಅದರ ವಾಸನೆಗೆ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಅದರ ಪಲ್ಯಕ್ಕೆ ನಾನೇ ಕಾಯುವಂತಾಗಿದ್ದೆ. ಆ ದಿನ ಕೊನೆಯ ಎರಡು ಹಿಡಿ ತೊಳೆ ಉಳಿದಿತ್ತು. ತಳದಲ್ಲಿ ನಾಲ್ಕು ಬೆರಳು ಉಪ್ಪುನೀರು, ಕರಗದ ಕಲ್ಲುಪ್ಪು. ತೊಳೆಗಳನ್ನು ನೆನೆಸಿ ಹಿಂಡಿದೆ. ಭರಣಿ ಖಾಲಿ ಮಾಡಿ ತೊಳೆದೆ. ಎಲ್ಲ ನೀರನ್ನೂ ಬಕೆಟ್ಟಿಗೆ ಸುರಿದೆ.

ಮೋರಿ ಅಲ್ಲೇ ಇತ್ತು, ಒಂದು ಹೆಜ್ಜೆ ದೂರ.

ಸೋಪಿನ ನೀರು, ಸೊಳೆಯ ನೀರು ಎರಡು ಮಾತ್ರ ಬಕೆಟ್ಟಿಗೆ ಬೇಡ ಎಂದು ಅತ್ತಿಗೆ ನನಗೆ ಯಾವತ್ತಾದರೂ ಹೇಳಿದ್ದರೇ? ಹೇಳಿದ್ದಾಗಿ ಅವರು ಆಮೇಲೆ ಅನ್ನಲಿಲ್ಲ. ಹೇಳಿರಲಿಲ್ಲ ಎಂದು ನಾನೂ ಅನ್ನಲಾರೆ. ಹೇಳುವ ಅಗತ್ಯವಾದರೂ ಏನಿತ್ತು? ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಉಪ್ಪುನೀರು ಬೇರಿನಿಂದ ನೀರನ್ನು ಹೇಗೆ ಹೊರಗೆಳೆಯುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದವಳು. ಆದರೆ ಆರು ವರ್ಷ ಬಕೆಟ್ಟಿಗೆ ಸುರಿದು ಸುರಿದು ಕೈಗೆ ಒಂದು ದಾರಿ ರೂಢಿಯಾಗಿತ್ತು ಎಂಬುದೂ ಸುಳ್ಳಲ್ಲ. ನೀರಿಲ್ಲದ ತಿಂಗಳಲ್ಲಿ ಇಷ್ಟು ನೀರು ಮೋರಿಗೆ ಚೆಲ್ಲಿದರೆ ಅವರು ಮುಖ ಗಂಟಿಕ್ಕುತ್ತಾರೆ ಎಂದು ಅಂದುಕೊಂಡೆನೇ? ಇರಬಹುದು. ಈ ವಿವರಣೆ ನನಗೆ ಇಷ್ಟ. ಇಷ್ಟವಾದದ್ದರಿಂದಲೇ ಅನುಮಾನ. ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟು: "ಭರಣಿ ತೊಳೆದೆ. ಮನೆ ನಿಶ್ಶಬ್ದ. ಮಧ್ಯಾಹ್ನ ಮಲಗಿದೆ."

ಸೋಮವಾರ ಬೆಳಿಗ್ಗೆ ನಾನು ಹಿಂಬಾಗಿಲ ಹತ್ತಿರ ಜಡೆ ಹಾಕಿಕೊಳ್ಳುತ್ತಿದ್ದೆ. ಅತ್ತಿಗೆ ಬಕೆಟ್ಟು ಎತ್ತಿ ಹೊರಗಿಟ್ಟು, ಎಂದಿನಂತೆ ಕೈ ಅದ್ದಿದರು. ಆ ಕೈ ನೀರಿನೊಳಗೆ ಸ್ವಲ್ಪ ಹೊತ್ತು ನಿಂತಿತು. ಇದನ್ನು ನಾನು ನಿಜವಾಗಿ ಕಂಡೆನೋ, ಆಮೇಲಿನ ವರ್ಷಗಳಲ್ಲಿ ನಾನೇ ಸೇರಿಸಿದೆನೋ ಗೊತ್ತಿಲ್ಲ. ಆದರೆ ಸೊಳೆಯ ವಾಸನೆ ಮೇಲಿನ ಮಾಳಿಗೆಯವರಿಗೂ ತಿಳಿಯುವಂಥದ್ದು. ಭರಣಿ ತೊಳೆದು ಬೋರಲು ಹಾಕಿದ್ದೂ ಅವರ ಕಣ್ಣೆದುರಿಗೇ ಇತ್ತು. ಅವರು ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಚೊಂಬಿನಲ್ಲಿ ಮೊಗೆದು ಮೊಗೆದು ಬಸಳೆಯ ಬುಡಕ್ಕೆ, ಹರಿವೆಗೆ, ಒಂದೆಲಗಕ್ಕೆ, ಒಂದನ್ನೂ ಬಿಡದೆ ಹಾಕಿದರು. ನಾನು ಬಾಯಿ ತೆರೆಯಬಹುದಿತ್ತು. ಗಾಡಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿ ಹೊರಟೆ.

ಮೂರನೆಯ ದಿನ ಎಲೆಗಳ ಅಂಚು ಸುಟ್ಟಂತಾಯಿತು. ವಾರ ಕಳೆಯುವಷ್ಟರಲ್ಲಿ ದಪ್ಪ ದಂಟುಗಳು ಬೇಯಿಸಿ ಹಾಕಿದ ಹಾಗೆ ಮೆತ್ತಗಾಗಿ ಚಪ್ಪರದಿಂದ ಜೋತುಬಿದ್ದವು. ಮಣ್ಣಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿ. ಗೋಡೆಯಾಚೆಯಿಂದ ವಿಜಾಪುರದವಳು ನೋಡಿದಳು. ಈಚೆ ಬಂದು, ಬಗ್ಗಿ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಮುಟ್ಟಿಸಿ ಉಗಿದಳು.

"ಯಕ್ಕಾ, ಮಣ್ಣ ಸವಳ ಆಗೈತಲ್ಲ! ನಮ್ಮ ಕಡೆ ಹೊಲ ಹಿಂಗ ಸವಳ ಬಿದ್ರ ಬಿಟ್ಟ ಬಿಡ್ತಾರ. ನಾ ತಂದ ಮಣ್ಣ ಹಿಂಗ ಇದ್ದಿಲ್ಲರೀ."

"ನಿನ್ನ ಮಣ್ಣಿದ್ದು ತಪ್ಪಲ್ಲ" ಎಂದರು ಅತ್ತಿಗೆ. ಅಷ್ಟೇ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಲಿಲ್ಲ.

ನನ್ನ ಗಂಡ ಸಮುದ್ರದ ಖಾಡಿಯಿಂದ ಬರುವ ಉಪ್ಪುಗಾಳಿ ಇರಬೇಕು ಎಂದರು. ನಾನು ಹೂಂ ಅಂದೆ. ಹೊಸ ಮಣ್ಣು ಹಾಕಿಸೋಣ, ಊರಿಂದ ಬೇರೆ ಕಡ್ಡಿ ತರಿಸೋಣ ಎಂದೂ ಹೇಳಿದೆ. ಜೋರಾಗಿ, ಎರಡೆರಡು ಸಲ.

"ಬೇಡ" ಎಂದರು ಅತ್ತಿಗೆ. "ಆರು ವರ್ಷ ಕೊಟ್ಟಿತಲ್ಲ, ಸಾಕು. ಅದಕ್ಕೂ ಬೊಡಿಯುದಿಲ್ವಾ?"

ಬೊಡಿಯುವುದು ಅಂದರೆ ಅವರ ಕಡೆ ದಣಿಯುವುದು. ಬಸಳೆಗೆ ದಣಿವಾಯಿತು ಎಂದರೋ, ಬೇರೆ ಯಾರಿಗಾದರೂ ಎಂದರೋ, ಅಂದು ನಾನು ಕೇಳಲಿಲ್ಲ. ಅವರೇ ಒಣಗಿದ ಬಳ್ಳಿಯನ್ನು ಎಳೆದು, ಬಿದಿರುಗಳನ್ನು ಬಿಚ್ಚಿ ಗೋಡೆಯಾಚೆ ವಿಜಾಪುರದವಳಿಗೆ ಕೊಟ್ಟರು. ಮಳೆ ಹಿಡಿಯುವ ಮೊದಲು ಮೈದುನ ಬಂದು ಟ್ರಂಕು ಎತ್ತಿಕೊಂಡ. ಖಾಲಿ ಭರಣಿಯನ್ನು ಅತ್ತಿಗೆ ಬಿಟ್ಟು ಹೋದರು. ಮಗಳು ಸ್ಟೇಷನ್ನಿನವರೆಗೂ "ಅತ್ತೆ, ವಾಪಸ್ ಕಬ್ ಆಓಗೀ?" ಎಂದು, ಮತ್ತೆ ಯಾವಾಗ ಬರುವುದೆಂದು ಕೇಳುತ್ತಲೇ ಇದ್ದಳು. "ನಿನ್ನ ಅಮ್ಮನಿಗೆ ಪುರುಸೊತ್ತಾದಾಗ" ಎಂದರು. ಅದೂ ನಗಿಸಲು ಹೇಳಿದ್ದೇ ಇರಬಹುದು.

ಆ ವರ್ಷ ಜುಲೈಯಿಂದ ಶಾಲೆ ಮುಗಿದ ಮೇಲೆ ಮಗಳು ಮೇಲಿನ ಮಾಳಿಗೆಯವರ ಮನೆಯಲ್ಲಿರುತ್ತಿದ್ದಳು. ಅಡುಗೆಮನೆ ಪೂರ್ತಿ ನನ್ನದಾಯಿತು. ಸ್ಟೇಷನ್ನಿನ ಹೊರಗೆ ಕೊಂಡ ಸೊಪ್ಪನ್ನು ಗಾಡಿಯ ಬೆವರಿನ ಕೈಯಲ್ಲೇ ಬಿಡಿಸುತ್ತಿದ್ದೆ. ಅಕ್ಕಿ ತೊಳೆದ ನೀರನ್ನು ಬಹಳ ದಿನ ಬಕೆಟ್ಟಿಗೇ ಸುರಿಯುತ್ತಿದ್ದೆ. ತುಂಬಿದ ಮೇಲೆ ಮೋರಿಗೆ ಚೆಲ್ಲುತ್ತಿದ್ದೆ.

ಅತ್ತಿಗೆ ಠಾಣೆಯಲ್ಲಿ ಮೈದುನನ ಇಬ್ಬರು ಮಕ್ಕಳನ್ನು ಬೆಳೆಸಿದರು. ಆ ಮನೆಗೆ ಒಳ್ಳೆಯ ಬಿಸಿಲು ಬೀಳುವ ಗ್ಯಾಲರಿ ಇತ್ತು. ಅವರು ಅಲ್ಲಿ ಒಂದು ಡಬ್ಬಿಯಲ್ಲೂ ಏನನ್ನೂ ನೆಡಲಿಲ್ಲ. ಹತ್ತು ವರ್ಷಕ್ಕೂ ಮೇಲಾಗಿ, ಎಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಪೇಪರ್ ಹಾಸಿಕೊಂಡು ಮಾರುಕಟ್ಟೆಯ ಹರಿವೆ ಬಿಡಿಸುತ್ತಿದ್ದರು. ಭರಣಿ ತೊಳೆದವಳು ನಾನು, ಬಕೆಟ್ಟಿಗೆ ಸುರಿದವಳೂ ನಾನೇ ಎಂದು ಹೇಳಿದೆ. ಹೇಳಲು ಅಷ್ಟು ವರ್ಷ ಬೇಕಾಯಿತು. ಅವರು ಎಲೆ ಬಿಡಿಸುತ್ತಲೇ ಇದ್ದರು. ಆಮೇಲೆ, ನಿಜವಾಗಿ ಕೇಳಬೇಕೆಂದು ಹೋಗಿದ್ದನ್ನು ಕೇಳಿದೆ. ಅವರು ಒಂದು ದಂಟನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಬರೀ ಹುಳ" ಎಂದು ಬದಿಗಿಟ್ಟು, ಚಾ ಮಾಡಲು ಎದ್ದರು. ಈಗಲೂ ಅದೇ ಮನೆಯಲ್ಲಿದ್ದಾರೆ, ಕಿವಿಯೂ ಚೆನ್ನಾಗಿ ಕೇಳುತ್ತದೆ. ಹೋದಾಗಲೆಲ್ಲ ಚಾ ಮಾಡಿ ಕೊಡುತ್ತಾರೆ. ಆ ಮಾತು ತೆಗೆಯುವುದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿಗೆ, ಆ ಬೆಳಿಗ್ಗೆ ಬಕೆಟ್ಟಿಗೆ ಕೈ ಹಾಕಿದಿರಲ್ಲ, ಅದು ಸೊಳೆಯ ನೀರು ಅಂತ ನಿಮಗೆ ಗೊತ್ತಾಗಿತ್ತಾ?"