ತಿಕ್ಕದೆ ಉಳಿಸಿದ ಬೆನ್ನು

ಸೆಫ್ರೂ ಪಟ್ಟಣದ ಹಳೆಯ ಪೇಟೆಯಲ್ಲಿ ಮಸೀದಿಯ ಬೆಳಗಿನ ಕರೆ ಮುಗಿಯುವಷ್ಟರಲ್ಲಿ ಯಾಮ್ನಾ ಹಮ್ಮಾಮಿನ, ಅಂದರೆ ಊರಿನ ಹಬೆಸ್ನಾನದ ಮನೆಯ, ಹೆಂಗಸರ ಬಾಗಿಲನ್ನು ತೆರೆದಿರುತ್ತಾರೆ. ಗೋಡೆಯಾಚೆಯ ಒಲೆಗೆ ಆಲಿವ್ ಹಿಂಡಿ ಬಿದ್ದು ನೆಲ ಇನ್ನೂ ಬೆಚ್ಚಗಾಗುತ್ತಿರುವಾಗಲೇ ಮೂರು ಕೋಣೆಗಳ ಕಲ್ಲುಹಾಸನ್ನು ತೊಳೆದು, ಬಕೀಟುಗಳನ್ನು ಬೋರಲು ಹಾಕಿ, ಒರಟು ಕೈಗವಸನ್ನು ನೀರಿನಲ್ಲಿ ನೆನೆಸಿಡುತ್ತಾರೆ. ಮಿಂದು ಹೋಗಲು ಬರುವ ಹೆಂಗಸರ ಮೈಗೆ ಕಪ್ಪು ಸಾಬೂನು ಬಳಿದು, ಕೊಳೆಯೆಲ್ಲ ಎಳೆಎಳೆಯಾಗಿ ಉದುರುವಂತೆ ತಿಕ್ಕುವುದು ಅವರ ವೃತ್ತಿ.

ಒಂದು ಗುರುವಾರದ ಬೆಳಗ್ಗೆ ಬಾಗಿಲಲ್ಲೇ ಒಬ್ಬಳು ಕಾದು ನಿಂತಿದ್ದಾಳೆ. ಹೆಸರು ಬತೂಲ್. ಜಲ್ಲಾಬಾ ನಿಲುವಂಗಿಗೆ ರೇಷ್ಮೆ ನೂಲಿನ ಗುಂಡಿ ಹೆಣೆಯುವ ಈ ಊರಿನ ನೂರಾರು ಹೆಂಗಸರಲ್ಲಿ ಕೈಚಳಕಕ್ಕೆ ಹೆಸರಾದವಳು. ಆದರೆ ಅಂಗೈ ಬಿರಿದು, ನೀರೊಸರಿ, ವಸಂತದಿಂದೀಚೆಗೆ ನೆಟ್ಟಗೆ ಸೂಜಿ ಹಿಡಿದಿಲ್ಲ. ನೂಲಿನ ಬಣ್ಣವೇ ಮೈಗೆ ಆಗುತ್ತಿಲ್ಲವೆಂದು ಮನೆಯವರ ತೀರ್ಮಾನ. ಅದು ನಿಜವಾದರೆ ಆಕೆ ಗುಂಡಿಯ ಕಸುಬನ್ನು ಶಾಶ್ವತವಾಗಿ ಬಿಡಬೇಕು.

ನಿಜವೇನೆಂದು ತಿಳಿಯಲು ಫೆಸ್ ನಗರದ ಆಸ್ಪತ್ರೆಯಲ್ಲಿ ಆಕೆಯ ಬೆನ್ನಿಗೆ ನೂಲಿನ ಬಣ್ಣ, ಸೂಜಿಯ ಲೋಹ, ಸಾಬೂನು, ಮುಲಾಮು ಎಲ್ಲವನ್ನೂ ಚೂರುಚೂರು ಅಂಟಿಸಿ, ಎರಡು ದಿನದ ಮೇಲೆ ಅಂಟು ಕಿತ್ತು, ಜಾಗಜಾಗಕ್ಕೆ ಶಾಯಿಯಲ್ಲಿ ಚೌಕ ಬರೆದಿದ್ದಾರೆ. ನಾಳೆ ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ನೆನೆಯಬಾರದು, ಚೌಕ ಅಳಿಯಬಾರದು. ವಸಂತದಲ್ಲೂ ಹೀಗೆಯೇ ಬರೆದು ಕಳಿಸಿದ್ದರು. ಆಗ ಹಜ್ ಯಾತ್ರೆ ಮಾಡಿಬಂದ ಅತ್ತೆ ಹಾಜ್ಜಾ ಹದ್ದೂಮ್, ಸೊಸೆಯ ಬೆನ್ನಿನ ಮೇಲಿನ ಶಾಯಿ ಕಂಡು ಯಾರೋ ಮಾಟ ಬರೆದಿದ್ದಾರೆಂದು ಬೆದರಿ, ಒಂದು ಗೆರೆಯೂ ಉಳಿಯದಂತೆ ತಿಕ್ಕಿ ತೊಳೆದುಬಿಟ್ಟಿದ್ದರು. ಎರಡನೆಯ ಸರದಿ ಸಿಕ್ಕಿದ್ದು ಈ ಶರತ್ಕಾಲದಲ್ಲಿ.

"ಲಾಲ್ಲಾ ಯಾಮ್ನಾ, ಇವತ್ತು ನಾದಿನಿ ಮದುವೆ ಸ್ನಾನ," ಎನ್ನುತ್ತಾಳೆ ಬತೂಲ್. "ಬರ್ದೆ ಇದ್ರೆ ಹೊಟ್ಟೆಕಿಚ್ಚು ಅಂತಾರೆ. ಬಂದ್ರೆ ಬೆನ್ನು ಹೋಗುತ್ತೆ."

"ಬೆನ್ನು ನನಗೆ ಬಿಡು. ಮಂಡಿ ಊರಿ ಕೂತ್ಕೊ, ತಲೆ ಬಗ್ಸು."

ಹಬೆ ಏರುವ ಮುನ್ನವೇ, ಹೊರಗಿನ ತಂಪು ಕೋಣೆಯಲ್ಲಿ, ಯಾಮ್ನಾ ಆಕೆಯ ಬೆನ್ನಿಗೆ ಒಣ ಬಟ್ಟೆಯನ್ನು ಬಿಗಿಯಾಗಿ ಕಟ್ಟುತ್ತಾರೆ. ಬಕೀಟು ಹಿಡಿದು ಹುಯ್ಯುವುದನ್ನು ಬಿಟ್ಟು, ಬೊಗಸೆ ಬೊಗಸೆಯಾಗಿ ಕಾಲು, ತೋಳು, ಮುಂದಕ್ಕೆ ಬಾಗಿದ ಕೂದಲನ್ನು ತೊಳೆಯುತ್ತಾರೆ. ಒಂದು ಹನಿಯೂ ಕತ್ತಿನಿಂದ ಕೆಳಗಿಳಿಯದು.

ಯಾಮ್ನಾ ಬೆಟ್ಟದ ಹಳ್ಳಿಯವರು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳನ್ನಿಟ್ಟುಕೊಂಡು ಈ ಬಾಗಿಲಿಗೆ ಬಂದರು. ಆ ಮಗಳಿಗೆ ಈಗ ಮೊಮ್ಮಕ್ಕಳಾಗುವ ಕಾಲ. ಸಂಬಳವೆಂಬುದಿಲ್ಲ, ಮಿಂದವರು ಕೊಟ್ಟಷ್ಟೇ. ದಿನಕ್ಕೆ ಹದಿನೈದು ಬೆನ್ನು, ಹಬ್ಬದ ಮುನ್ನಾದಿನ ಅದರ ಎರಡರಷ್ಟು. ಬೆರಳ ತುದಿಗಳು ಸದಾ ನೀರಿನಲ್ಲಿ ನೆಂದು ಬಿಳುಚಿಕೊಂಡಿವೆ.

ಬಿಸಿಲೇರುವಾಗ ಮೊಂಬತ್ತಿ ಹಿಡಿದು, ನಾಲಗೆ ಕುಣಿಸಿ ಉಲುಲು ಎಂದು ಕೂಗುತ್ತ, ಮದುಮಗಳನ್ನು ನಡುವೆ ಮಾಡಿಕೊಂಡು ದಿಬ್ಬಣ ಬಂದೇಬಿಡುತ್ತದೆ. ಹಾಜ್ಜಾ ಹದ್ದೂಮರ ಕೈಯಲ್ಲಿ ಆಗಲೇ ಗವಸಿದೆ.

"ಸೊಸೆ ಬೆನ್ನಿಗೆ ನೀರೇ ಮುಟ್ಟಿಸಿಲ್ವಂತೆ! ಮದುವೆ ಮನೇಲಿ ನಾತ ಹೊಡೀಬೇಕಾ?"

"ವಸಂತದಲ್ಲಿ ನೀವು ಉಜ್ಜಿದ್ದು ಸಾಲ್ದಾ ಹಾಜ್ಜಾ?" ಎನ್ನುತ್ತಾರೆ ಯಾಮ್ನಾ.

"ಆಯ್ತಮ್ಮಾ, ಮಾಟ ಅಲ್ಲ, ಡಾಕ್ಟರೇ ಬರೆದದ್ದು, ಒಪ್ದೆ. ನಿನ್ನೆ ಅಂಟು ಕಿತ್ತಾಗ ಒಂದು ಗುಳ್ಳೆನಾದ್ರೂ ಎದ್ದಿತ್ತಾ?"

"ಇಲ್ಲ."

"ಮತ್ತೆ ಏನು ಕಾಯ್ತಿದೀಯ? ಅಲ್ಲೇನು ಮೊಟ್ಟೆ ಇಟ್ಟಿದೀಯಾ?"

"ಕಾವಿಗೆ ಕೂತಿದೀನಿ ಅಂತ್ಲೇ ಅಂದ್ಕೊಳ್ಳಿ. ಕೆಲವು ಮೈಗೆ ಸಿಟ್ಟು ತಡವಾಗಿ ಬರುತ್ತಂತೆ. ನಾಳೆವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ನನ್ನ ಸೊಸೆ ಬೆನ್ನಿಗೆ ನೀನ್ಯಾವಳೇ ಯಜಮಾನಿ?"

"ಈ ಬಾಗಿಲು ದಾಟಿದ ಮೇಲೆ ಎಲ್ಲಾರ ಬೆನ್ನೂ ನಂದೇ. ಬನ್ನಿ, ಮೊದಲು ನಿಮ್ಮದನ್ನ ಕೊಡಿ."

ಹೆಂಗಸರು ಗೊಳ್ಳೆಂದು ನಗುತ್ತಾರೆ. ಮದುಮಗಳಂತೂ ಮೊಂಬತ್ತಿಯನ್ನೇ ಕೈಬಿಡುತ್ತಾಳೆ. ಯಾಮ್ನಾ ಹಾಜ್ಜಾರ ಗವಸನ್ನು ನಯವಾಗಿ ಕಳಚಿ ತಮ್ಮ ಕೈಗೆ ಹಾಕಿಕೊಂಡು, ಅವರನ್ನು ಒಳಕೋಣೆಯ ಬಿಸಿಗಲ್ಲಿನ ಮೇಲೆ ಮಲಗಿಸಿ, ಭುಜದಿಂದ ಹಿಮ್ಮಡಿಯವರೆಗೆ ಅಂಥ ಸುದೀರ್ಘ ಉಪಚಾರ ನಡೆಸುತ್ತಾರೆಂದರೆ, ಹಾಜ್ಜಾ ಎದ್ದು ಕೂರುವಷ್ಟರಲ್ಲಿ ಬತೂಲ್ ಬಟ್ಟೆ ತೊಟ್ಟು ಹೊರಗೆ ಕೂತು, ನಾದಿನಿಗಾಗಿ ಚಪ್ಪಾಳೆ ತಟ್ಟುತ್ತಿರುತ್ತಾಳೆ.

ಮರುದಿನ ಆಸ್ಪತ್ರೆಯಲ್ಲಿ ಆಕೆಯ ಬೆನ್ನಿನ ಮೇಲೆ ಒಂದೇ ಒಂದು ಚೌಕ ಕೆಂಪಗೆ ದಪ್ಪನಾಗಿ ಎದ್ದಿತ್ತು. ನೂಲಿನ ಬಣ್ಣಗಳದ್ದಲ್ಲ, ಮುಲಾಮಿನದು. ಅಂಗೈ ಬಿರಿದಾಗಲೆಲ್ಲ ಔಷಧದಂಗಡಿಯಿಂದ ತರಿಸಿ, ಸೊಸೆಯನ್ನು ಮಡಿಲಿಗೆ ಎಳೆದುಕೊಂಡು ಹಾಜ್ಜಾ ತಾವೇ ಹಚ್ಚುತ್ತಿದ್ದ ಮುಲಾಮು ಅದು. ಹಚ್ಚಿದ ದಿನ ಹಾಯೆನಿಸುತ್ತಿತ್ತು; ಎರಡು ದಿನ ಕಳೆದು, ಆಕೆ ಮತ್ತೆ ನೂಲು ಹಿಡಿದು ಕೂತಾಗ ಕೈ ಉರಿಯುತ್ತಿತ್ತು. ಹೀಗಾಗಿ ತಪ್ಪೆಲ್ಲ ನೂಲಿನ ತಲೆಗೆ ಬಿದ್ದಿತ್ತು.

"ಹಾಜ್ಜಾ ಒಂದು ವಾರ ಈ ಕಡೆ ತಲೇನೇ ಹಾಕಲಿಲ್ಲ," ಎಂದು ಯಾಮ್ನಾ ನೆನೆಯುತ್ತಾರೆ. "ಆಮೇಲೆ ಬಂದು ಆ ಟ್ಯೂಬನ್ನ ನನ್ನ ಕೈಗಿಟ್ಟು, 'ಒಲೆಗೆ ಹಾಕ್ಸೇ' ಅಂದ್ರು. ಅಳ್ತಿದ್ರು. ನಾನು ಅಂದೆ, ಹಾಜ್ಜಾ, ಪ್ರೀತಿಯಿಂದ ಹಚ್ಚಿದ್ದನ್ನ ಯಾರೂ ತಪ್ಪು ಅನ್ನಲ್ಲ, ಬನ್ನಿ ಬೆನ್ನು ಕೊಡಿ ಅಂತ."

ಈಗ ಫೆಸ್ ಆಸ್ಪತ್ರೆಯಲ್ಲಿ ಬೆನ್ನಿಗೆ ಚೌಕ ಬರೆಸಿಕೊಂಡ ಸುತ್ತಲಿನ ಹೆಂಗಸರು ಯಾಮ್ನಾರನ್ನೇ ಕೇಳಿಕೊಂಡು ಬರುತ್ತಾರೆ. ಅವರಿಗಾಗಿ ಬೆಳಗಿನ ಮೊದಲ ಹೊತ್ತು ಮೀಸಲು. ಬತೂಲಳ ಕೈ ಒಣಗಿದೆ, ಸೂಜಿ ಮರಳಿದೆ. ಸೂಜಿ ಹಿಡಿದ ಮೇಲೆ ಆಕೆ ಹೆಣೆದ ಮೊದಲ ಸಾಲು ಗುಂಡಿಗಳನ್ನು ಕಡುನೀಲಿ ಜಲ್ಲಾಬಾಗೆ ಹೊಲಿದು ಯಾಮ್ನಾರಿಗೇ ತಂದುಕೊಟ್ಟಿದ್ದಾಳೆ. ಯಾಮ್ನಾ ಅದನ್ನು ಹಬೆ ತಾಗದ ಗೂಟಕ್ಕೆ ನೇತುಹಾಕಿ, ಒದ್ದೆ ಕೈ ಒರೆಸಿಕೊಂಡು, ಒಂದೊಂದೇ ಗುಂಡಿಯನ್ನು ಸವರುತ್ತಾರೆ.

"ಬಟ್ಟೆ ಕಳಚೋ ಜಾಗದಲ್ಲಿ ಬದುಕೋಳಿಗೆ ಇಷ್ಟು ಚೆಂದದ ಗುಂಡಿ! ಈ ಊರಿನ ಅರ್ಧ ಮದುಮಕ್ಕಳನ್ನ ತೊಳೆದು ಕಳಿಸಿದೀನಿ. ಒಂದು ಸಲ ಯಾರಾದ್ರೂ ಮದುವೆಗೆ ನನ್ನನ್ನೂ ಕರೀಲಿ ನೋಡೋಣ, ತಿಕ್ಕೋಕಲ್ಲ, ಊಟಕ್ಕೆ."