ಟಾಲ್ಕೆ ಮನೆಮನೆಗೆ ಹಂಚಿದ ಕೊಳವೆಗಳು

ಟಾಲ್ಕೆ ಸೀಗಡಿ ಸುಲಿಯುವವಳು. ಪೂರ್ವ ಫ್ರೀಸಿಯಾ ಎಂಬ ಕಡಲಸೀಮೆಯ ಎಲ್ಲರ್ಸುಮ್ ಊರಿಗೆ ದೋಣಿಗಳು ಮರಳಿದ ದಿನ ಅವಳ ಅಡುಗೆಮನೆಯ ಮೇಜಿನ ಮೇಲೆ ಬುಟ್ಟಿಗಟ್ಟಲೆ ಸೀಗಡಿ ಬಂದು ಬೀಳುತ್ತಿತ್ತು. ತಿರುಚಬೇಕು, ಎಳೆಯಬೇಕು, ಬಟ್ಟಲಿಗೆ ಹಾಕಬೇಕು. ಕೈ ಅಷ್ಟು ಮಾಡುತ್ತಿದ್ದರೆ ಬಾಯಿ ಭಾನುವಾರದ ಕೀರ್ತನೆಯನ್ನು ಗುನುಗುತ್ತಿತ್ತು. ಅವಳ ಮದುವೆಗೂ, ಮಗಳ ದೀಕ್ಷಾಸ್ನಾನಕ್ಕೂ, ಗಂಡ ಮೆನ್ನೊನನ್ನು ಮಣ್ಣು ಮಾಡಿದ ದಿನಕ್ಕೂ ದನಿ ಕೊಟ್ಟದ್ದು ಚರ್ಚಿನ ಆ ಹಳೆಯ ಕೊಳವೆ ಆರ್ಗನ್ನೇ.

ಈಗ ಆ ಆರ್ಗನ್ನಿಗೆ ಉಬ್ಬಸ ಹತ್ತಿತ್ತು. ಗಾಳಿ ತುಂಬುವ ತಿದಿಯ ತೊಗಲನ್ನು ಇಲಿಗಳು ಕಡಿದಿದ್ದವು. ಒಂದು ಕೀಲಿ ಒತ್ತಿದರೆ ಎರಡು ಕೊಳವೆ ಕೂಗುತ್ತಿದ್ದವು; ಇನ್ನೊಂದು ಒತ್ತಿದರೆ ಬರೀ ಗಾಳಿ. ಚರ್ಚಿನ ಹಿರಿಯರು ಸೇರಿ ತೀರ್ಮಾನ ಮಾಡಿದರು. ಈಸ್ಟರ್ ಒಳಗೆ ಊರಿನ ಪಾಲಿನ ಹಣ ಕೂಡಿಬಂದರೆ ಉಳಿದದ್ದನ್ನು ಸರ್ಕಾರ ಕೊಡುತ್ತದೆ, ರಿಪೇರಿ ಆಗುತ್ತದೆ. ಇಲ್ಲದಿದ್ದರೆ ಆರ್ಗನ್ನಿಗೆ ಬೀಗ ಹಾಕಿ ಕರೆಂಟಿನಲ್ಲಿ ನುಡಿಯುವ ಪೆಟ್ಟಿಗೆಯೊಂದನ್ನು ತರುವುದು.

ಹಿಂದಿನ ಬೆಂಚಿನಲ್ಲಿದ್ದ ಟಾಲ್ಕೆ ಎದ್ದು ನಿಂತಳು. "ನನ್ ಹೆಣದ ಮುಂದೆ ಆ ಪೆಟ್ಟಿಗೆ ಬಾರಿಸ್ತೀರಾ? ಹಂಗಾದ್ರೆ ನಾನು ಸಾಯೋದೇ ಇಲ್ಲ, ನೋಡ್ಕೊಳ್ಳಿ."

ಎಲ್ಲರೂ ನಕ್ಕರು. ಪಾದ್ರಿಗಳೂ ನಕ್ಕು, "ಸರಿ ಟಾಲ್ಕೆ, ದುಡ್ಡು ಎತ್ತೋ ಕೆಲಸ ನಿಮ್ದೇ" ಎಂದುಬಿಟ್ಟರು.

ಟಾಲ್ಕೆ ಬರಿಗೈ ಒಡ್ಡಲಿಲ್ಲ. ಒಂದೊಂದು ಮನೆಗೆ ಒಂದೊಂದು ಕೊಳವೆ ಎಂದಳು. ದುಡ್ಡು ಕೊಟ್ಟವರ ಹೆಸರಿಗೆ ಆ ಕೊಳವೆ. ಅವಳ ಕೈಯಲ್ಲಿ ಇನ್ನೊಂದು ಉಪಾಯವೂ ಇತ್ತು. ನಮ್ಮ ಫ್ರೀಸಿಯಾ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದುಂಟೆ? ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಿಟಿಚಿಟಿ ಎನ್ನಬೇಕು, ಮೇಲೆ ಕೆನೆ ತೇಲಬೇಕು. ಕುಡಿದವರು ಚಮಚವನ್ನು ಬಟ್ಟಲೊಳಗೆ ನಿಲ್ಲಿಸುವವರೆಗೆ ಮನೆಯವರು ಸುರಿಯುತ್ತಲೇ ಇರಬೇಕು. ಟಾಲ್ಕೆ ಚಮಚವನ್ನು ತಟ್ಟೆಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಹವೆ, ಕುರಿ, ಸೊಸೆಯ ಬಾಣಂತನ, ಎಲ್ಲದರ ಮಾತೂ ಮುಗಿಯುತ್ತಿತ್ತು. ಕೆಟಲಿನ ನೀರೂ ಮುಗಿಯುತ್ತಿತ್ತು. ಕೊನೆಗೆ ಮನೆಯವರು ಸೋತು, "ಆಯ್ತು ಮಾರಾಯ್ತಿ, ನಮ್ದೂ ಒಂದು ಕೊಳವೆ ಹಿಡ್ಕೊ" ಅನ್ನುತ್ತಿದ್ದರು. ಆಗ ಚಮಚ ಬಟ್ಟಲಿಗೆ ಇಳಿಯುತ್ತಿತ್ತು.

ಊರೆಲ್ಲ ಮುಗಿಯಿತು. ಕಡಲೊಡ್ಡಿನ ಪಕ್ಕದ ದೊಡ್ಡ ಜಮೀನಿನ ಹಬ್ಬೊ ಒಬ್ಬ ಉಳಿದಿದ್ದ. ಅವನ ಪಾಲು ಬಿದ್ದರೆ ಮಾತ್ರ ಗುರಿ ಮುಟ್ಟುತ್ತಿತ್ತು. ಹಬ್ಬೊ ಅವಳ ಜೊತೆ ಶಾಲೆಗೆ ಹೋದವನು. ಮಾತು ಕಡಿಮೆ, ಬಿಗಿಮುಷ್ಟಿ.

"ನಿನ್ ಚಮಚದ ಆಟ ನಂಗೂ ಗೊತ್ತು" ಎನ್ನುತ್ತಲೇ ಹಬ್ಬೊ ಬಾಗಿಲು ತೆಗೆದ. "ನಮ್ಮನೇಲಿ ಚಹಾ ಬೇಕಾದಷ್ಟಿದೆ."

"ನನ್ ಹೊಟ್ಟೇಲಿ ಜಾಗಾನೂ ಬೇಕಾದಷ್ಟಿದೆ" ಎಂದು ಟಾಲ್ಕೆ ಕುರ್ಚಿ ಎಳೆದುಕೊಂಡಳು.

ಅವನು ಸುರಿದ, ಇವಳು ಕುಡಿದಳು. ಮತ್ತೆ ಸುರಿದ, ಮತ್ತೆ ಕುಡಿದಳು. ಹಸುಗಳ ಹಾಲು ಕರೆಯುವ ಹೊತ್ತಾಯಿತು. ಕೊಟ್ಟಿಗೆಯಿಂದ ಕೂಗು ಶುರುವಾಯಿತು. ಹಬ್ಬೊ ಕಿಟಕಿಯ ಕಡೆ ನೋಡಿದ, ಟಾಲ್ಕೆ ಬಟ್ಟಲು ಮುಂದೆ ನೂಕಿದಳು.

"ಹಾಳಾಗ್ಲಿ! ಕೊಡ್ತೀನಿ. ಆದ್ರೆ ಮುಂದುಗಡೆ ನಟ್ಟನಡುವೆ ಹೊಳೀತದಲ್ಲ, ಎಲ್ಲಕ್ಕಿಂತ ದಪ್ಪದ್ದು, ಅದೇ ಬೇಕು. ಭಾನುವಾರ ದುಡ್ಡು ತರ್ತೀನಿ."

ಎದುರುಗಾಳಿಗೆ ಸೈಕಲ್ ತುಳಿಯುತ್ತಾ ಬಂದ ಟಾಲ್ಕೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಕೂಗಿ ಹೇಳಿದಳು. ಅಂಗಡಿಯವನು ಸಿಹಿ ಹಂಚಿದ. ಪಾದ್ರಿಗಳು ಸಂತೋಷಕ್ಕೆ ಗಂಟೆಯನ್ನೇ ಬಾರಿಸಿಬಿಟ್ಟರು. ಬೆಂಕಿ ಬಿತ್ತೇನೋ ಎಂದು ಜನ ಬಕೆಟ್ ಹಿಡಿದು ಓಡಿಬಂದರು.

ಶನಿವಾರ ಆರ್ಗನ್ ರಿಪೇರಿಯ ಮೇಸ್ತ್ರಿ ನೋಡಿಹೋಗಲು ಬಂದ. ಏಣಿ ಹತ್ತಿ ಒಂದೊಂದೇ ಕೊಳವೆ ತಟ್ಟಿದ. ನಡುವಿನ ದಪ್ಪ ಕೊಳವೆಯ ಬಾಯಿಗೆ ದೀಪ ಹಿಡಿದು ನಕ್ಕ. "ಇದು ಮೂಕ. ಅಂದಕ್ಕೆ ನಿಲ್ಸಿದ್ದು. ಗಾಳಿಗೆ ದಾರೀನೇ ಇಲ್ಲ. ಹಳೇ ಕಾಲದ ಆರ್ಗನ್‌ಗಳಲ್ಲಿ ಹಿಂಗೆ ಇರ್ತಾವೆ."

"ಅಯ್ಯೋ, ಅದು ಹಬ್ಬೊನದ್ದು!" ಎಂದಳು ಕೆಳಗೆ ಏಣಿ ಹಿಡಿದಿದ್ದ ಟಾಲ್ಕೆ. ಪಕ್ಕದ ಮನೆಯ ಗೀಸ್ಕೆ ಅವಳ ತೋಳು ಹಿಡಿದು ಪಿಸುಗುಟ್ಟಿದಳು. "ಬಾಯ್ಮುಚ್ಕೊಂಡಿರು. ನಾಳೆ ದುಡ್ಡು ಕೈಗೆ ಬರ್ಲಿ. ಆಮೇಲೆ ಹೇಳಿದ್ರಾಯ್ತು."

"ಕೆಟ್ಟ ಸೀಗಡಿನ ತಾಜಾ ಅಂತ ಯಾವತ್ತಾದ್ರೂ ಮಾರಿದೀನೇನೇ?"

"ಹೋಗಿ ಹೇಳು ಹಂಗಾದ್ರೆ. ಕರೆಂಟ್ ಪೆಟ್ಟಿಗೆಗೆ ಜಾಗಾನೂ ಗುಡಿಸಿಡು!"

ಟಾಲ್ಕೆ ಸೈಕಲ್ ಹತ್ತಿದಳು. ಹಬ್ಬೊ ಅಂಗಳದಲ್ಲಿ ಹುಲ್ಲು ಎತ್ತುತ್ತಿದ್ದ. ಅವಳು ಕೂರಲಿಲ್ಲ, ಚಹಾ ಕೇಳಲಿಲ್ಲ. ನಿಂತಲ್ಲೇ ಹೇಳಿದಳು. "ಹಬ್ಬೊ, ನಿನ್ ಕೊಳವೆ ಮೂಕ. ಅದು ಹಾಡಲ್ಲ. ನಂಗೆ ಇವತ್ತೇ ಗೊತ್ತಾಗಿದ್ದು. ಬೇಡ ಅಂದ್ರೆ ಬಿಡು."

ಹಬ್ಬೊ ಕವೆಗೋಲನ್ನು ನೆಲಕ್ಕೆ ಊರಿದ. "ಎಷ್ಟು ಕಾಲದಿಂದ ಮೂಕ?"

"ಮಾಡಿದಾಗಿಂದ."

"ಮತ್ತೆ ಇಷ್ಟು ದಿನ ಯಾರ್ಗೂ ಗೊತ್ತಾಗ್ಲಿಲ್ವಾ?"

"ಯಾರ್ಗೂ."

ಅವನ ಭುಜ ಕುಲುಕತೊಡಗಿತು. ಸಿಟ್ಟೇನೋ ಎಂದು ಟಾಲ್ಕೆ ಒಂದು ಹೆಜ್ಜೆ ಹಿಂದೆ ಸರಿದಳು. ಅದು ನಗು. ಹಬ್ಬೊ ನಕ್ಕದ್ದನ್ನು ಅವಳು ಶಾಲೆ ಬಿಟ್ಟ ಮೇಲೆ ನೋಡಿಯೇ ಇರಲಿಲ್ಲ.

"ಮೇಷ್ಟ್ರು ನಂಗೇನ್ ಹೇಳಿದ್ರು ಗೊತ್ತಾ? ನಿನ್ ದನಿ ಕರೂನ ಕೂಗು, ಚರ್ಚಲ್ಲಿ ಬಾಯಿ ಮಾತ್ರ ಆಡ್ಸು ಅಂತ. ಅವತ್ತಿಂದ ಇವತ್ತಿನವರೆಗೂ ಮುಂದಿನ ಬೆಂಚಲ್ಲಿ ನಿಂತು ಬಾಯಿ ಆಡಿಸ್ತಾನೇ ಇದೀನಿ. ಒಬ್ರಿಗೂ ಗೊತ್ತಾಗಿಲ್ಲ." ಅವನು ಕಣ್ಣೊರೆಸಿಕೊಂಡ. "ಅದು ನಂದೇ ಕಣೆ. ಬೇರೆ ಯಾರ್ಗಾದ್ರೂ ಕೊಟ್ರೆ ನೋಡು."

ಮರುದಿನ ದುಡ್ಡು ಬಂತು. ಈಸ್ಟರ್ ಕಳೆದ ಮಂಗಳವಾರವೇ ಮೇಸ್ತ್ರಿಯ ಗಾಡಿಯೂ ಬಂತು. ಕಾರ್ಖಾನೆಗೆ ಒಯ್ಯಲು ಕೊಳವೆಗಳನ್ನು ಇಳಿಸುವಾಗ ಯಾರನ್ನೂ ಕರೆಯಬೇಕಾಗಲಿಲ್ಲ. ಊರಿಗೆ ಊರೇ ಚರ್ಚಿನ ದಿಬ್ಬದ ಮೇಲೆ ಸೇರಿ, ತಮ್ಮ ತಮ್ಮ ಕೊಳವೆಯನ್ನು ಕೂಸಿನಂತೆ ತೋಳಲ್ಲಿ ಹಿಡಿದು ಗಾಡಿಯವರೆಗೆ ಹೊತ್ತಿತು. ಹುಡುಗರು ಚಿಕ್ಕ ಕೊಳವೆಗಳನ್ನು ಪೀಪೀ ಎಂದು ಊದಿ ಮೇಸ್ತ್ರಿಯಿಂದ ಬೈಸಿಕೊಂಡರು. ನಡುವಿನ ದಪ್ಪದ್ದನ್ನು ಹಬ್ಬೊ ಒಬ್ಬನೇ ಹೆಗಲ ಮೇಲೆ ಹೊತ್ತು ಇಳಿದು ಬಂದ.

"ಕೈ ಕೊಡ್ಲಾ?" ಎಂದಳು ಟಾಲ್ಕೆ.

"ಮುಟ್ಬೇಡ, ಬೆರಳಿನ ಗುರುತು ಬೀಳ್ತದೆ. ಇದ್ಕೆ ಇರೋದೇ ಹೊಳಪೊಂದು!" ಎಂದು ಹಬ್ಬೊ ಎಲ್ಲರಿಗೂ ಕೇಳುವಂತೆ ಗದರಿದ.