ಆರ್ಡಿನರಿ ಎಂಬ ಕಲ್ಲಿನ ಮನೆ

ಬಕ ಹಾರಿಹೋಯಿತು. ನನ್ನಿಂದಲೇ.

ಅಮೆರಿಕದಲ್ಲಿ ಮಗಳಿರುವ ಹರ್ನ್‌ಡನ್‌ನಿಂದ ಸ್ವಲ್ಪ ದೂರದ ಒಂದು ಹಳೆಯ ಊರಿನಲ್ಲಿ ಶನಿವಾರದ ನೇಚರ್ ವಾಕ್. ಮೊದಲು ಹಳ್ಳದ ದಂಡೆಯಲ್ಲಿ ಹಕ್ಕಿ ನೋಡುವುದು, ಆಮೇಲೆ ಊರೊಳಗಿನ ಹಳೆಯ ಕಟ್ಟಡಗಳು.

ಸೊಂಟದೆತ್ತರದ ಆ ಬಕವನ್ನು ಕಂಡೊಡನೆ ನಾನು ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯ ಬಕಗಳ ಕಥೆ ಶುರುಮಾಡಿದೆ... ಅಷ್ಟೇ. ಎತ್ತಿದ ಕ್ಯಾಮೆರಾಗಳೆಲ್ಲ ಕೆಳಗಿಳಿದವು.

"ಅಪ್ಪಾ, ಮೆಲ್ಲಗ," ಎಂದಳು ಮಗಳು ಶೈಲಾ.

ಹೆಂಡತಿ ಕಮಲಾ ತೀರಿಕೊಂಡ ಮೇಲೆ ನನ್ನ ಮಾತಿಗೆ ಕಿವಿಗಳೇ ಕಡಿಮೆ. ಇಲ್ಲಿಯೂ ಬಾಯಿ ಮುಚ್ಚಿಕೊಂಡಿರಬೇಕಾದರೆ ಯಾಕೆ ಬರಬೇಕು? ಇದೇ ನನ್ನ ಕೊನೆಯ ವಾಕ್ ಎಂದುಬಿಟ್ಟೆ. ಶೈಲಾಳ ಮುಖ ಸಣ್ಣದಾಯಿತು.

ಊರೊಳಗೆ ಒಂದು ಕಲ್ಲಿನ ಮನೆ. ಬೋರ್ಡಿನ ಮೇಲೆ 'ಓಲ್ಡ್ ಆರ್ಡಿನರಿ' ಎಂದು ಬರೆದಿದೆ.

ಆರ್ಡಿನರಿ ಎಂದರೆ ಸಾಧಾರಣ. ಕಾಲೇಜಿನ ಇಂಗ್ಲಿಷಿನಲ್ಲಿ ಅಷ್ಟಾದರೂ ಉಳಿದಿದೆ. ವಾಕ್ ನಡೆಸುವ ಬೆಟ್ಟಿ ಎಂಬ ಹಿರಿಯ ಹೆಂಗಸಿಗೆ, ನಮ್ಮಲ್ಲಿ ಆರ್ಡಿನರಿ ಎಂದರೆ ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸು, ನಿಮ್ಮಲ್ಲಿ ಮನೆಯೂ ಇದೆಯೇನು ಎಂದು ಕೇಳಿದೆ.

ಅವರು ನಕ್ಕರು. ಹಿಂದಿನ ಕಾಲದಲ್ಲಿ ದಾರಿಹೋಕರಿಗೆ ನಿಗದಿಯಾದ ದರಕ್ಕೆ ಊಟ ಹಾಕುವ ಮನೆಗೆ ಆರ್ಡಿನರಿ ಎಂದೇ ಹೆಸರಂತೆ. ಅವತ್ತು ಒಲೆಯ ಮೇಲೆ ಏನಿದೆಯೋ ಅದೇ ಎಲ್ಲರಿಗೂ.

ಅರೆ... ಖಾನಾವಳಿ!

ನನ್ನ ಕಮಲಾ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿದವಳು. ಇನ್ನು ಬಾಯಿ ಎಲ್ಲಿ ನಿಲ್ಲುತ್ತದೆ? ಟೆನ್ಸು ಗಿನ್ಸು ಎಲ್ಲ ಕಲಸಿಹೋದ ಇಂಗ್ಲಿಷಿನಲ್ಲೇ ಹೇಳುತ್ತಾ ಹೋದೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ, ಎಣ್ಣೆಗಾಯಿ, ಸಾಕು ಎಂದವರ ತಾಟಿಗೆ ಅವಳು ಹಾಕಿಯೇ ತೀರುತ್ತಿದ್ದ ಇನ್ನೊಂದು ರೊಟ್ಟಿ...

"ಮೈ ವೈಫ್, ಮೇಡಂ, ಆರ್ಡಿನರಿ ವುಮನ್," ಎಂದುಬಿಟ್ಟೆ.

ಸಾಧಾರಣ ಹೆಂಗಸು ಎಂದಂತಾಯಿತು ಎಂದು ಹೊಳೆದದ್ದು ಆಮೇಲೆ. ಆದರೆ ಖಾನಾವಳಿಯವಳು ಎಂದೇ ನಾನು ಹೇಳಿದ್ದು ಎಂದು ಬೆಟ್ಟಿಗೆ ತಿಳಿದಿತ್ತು. ರೊಟ್ಟಿ ಬಡಿಯುವುದು ಹೇಗೆ ಎಂದು ಕೇಳಿದರು. ಬೋರ್ಡಿನ ಮುಂದೆ ನಿಂತು ಎರಡೂ ಅಂಗೈಯಲ್ಲಿ ಗಾಳಿಯನ್ನೇ ಬಡಿದು ತೋರಿಸಿದೆ. ಯಾರೂ ಶ್ ಎನ್ನಲಿಲ್ಲ.

ಕಾರಿನಲ್ಲಿ ಕೂತೊಡನೆ ಶೈಲಾ ನನ್ನ ಕಡೆ ತಿರುಗಿದಳು.

"ಅವ್ವನ ರೊಟ್ಟಿ ಸಪ್ಪಳ ನಾ ಮರತ ಬಿಟ್ಟಿದ್ದೆ, ಅಪ್ಪಾ. ಮುಂದಿನ ಶನಿವಾರ ಬರ್ತೀ ಹೌದಿಲ್ಲೋ?"

ಹೂಂ ಎಂದೆ. ಹಕ್ಕಿ ಇರುವಲ್ಲಿ ಸುಮ್ಮನಿದ್ದರಾಯಿತು.

ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಕಮಲಾಳ ಕೈಯೂಟ ಉಂಡವರು ಇದನ್ನು ಓದುವವರಲ್ಲಿ ಯಾರಾದರೂ ಇದ್ದೀರಾ?